ದೊಡ್ಡವ್ವನ ಚೀಟಿಯಲ್ಲಿ ಇಲ್ಲದ ಲೆಕ್ಕ

ದೊಡ್ಡವ್ವ, ಚಿಗವ್ವ ಇಬ್ಬರನ್ನೂ ಒಂದೇ ದಿನ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಲುಬಿನ ಸ್ಕ್ಯಾನ್ ಮಾಡಿಸಿದ್ದೆ. ದೊಡ್ಡವ್ವನಿಗೆ ಆಗ 69, ಚಿಗವ್ವನಿಗೆ 64. ಸಂಜೆ ಗದಗಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಎರಡೂ ಚೀಟಿ ನನ್ನ ಕೈಯಲ್ಲಿದ್ದವು. ದೊಡ್ಡವ್ವನ ಚೀಟಿಯಲ್ಲಿ ಸೊಂಟದ ಮುಂದೆ ಮೈನಸ್ 2.1, ಬೆನ್ನಿನ ಮುಂದೆ ಮೈನಸ್ 0.6 ಎಂದಿತ್ತು. ಚಿಗವ್ವನ ಸೊಂಟ ಮೈನಸ್ 2.8. ‘ದೊಡ್ಡವರಿಗೆ ಹೆದರುವಂಥದ್ದೇನಿಲ್ಲ, ಸಣ್ಣವರಿಗೆ ಗುಳಿಗೆ ಶುರು ಮಾಡೋಣ’ ಎಂದಿದ್ದರು ಡಾಕ್ಟರು. ದಾರಿಯುದ್ದಕ್ಕೂ ಚಿಗವ್ವನ ಮುಖ ಸಪ್ಪಗಿತ್ತು. ದೊಡ್ಡವ್ವ ಅವಳಿಗೆ ಧೈರ್ಯ ಹೇಳುತ್ತಾ ಬಂದಳು.

ಎಂಟು ತಿಂಗಳಾದ ಮೇಲೆ ಬಿದ್ದವಳು ದೊಡ್ಡವ್ವ. ಬೆಳಗಿನ ಐದೂವರೆಗೆ ಬಚ್ಚಲ ಒಲೆ ಹೊತ್ತಿಸಲು ಹೋದಳು. ಫರಸಿ ಹಸಿಯಾಗಿತ್ತು, ಕಾಲು ಜಾರಿತು. ಮೆಟ್ಟಿಲಿನಿಂದ ಬಿದ್ದದ್ದಲ್ಲ, ಗಾಡಿ ಗುದ್ದಿದ್ದಲ್ಲ, ನಿಂತ ಜಾಗದಲ್ಲೇ ಕುಸಿದಳು. ನಾವು ಓಡಿ ಹೋಗಿ ನೋಡಿದಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ತೊಡೆ ಎಲುಬಿನ ಮೇಲ್ತುದಿ, ಅಂದರೆ ಚೀಟಿಯಲ್ಲಿ ‘ಸೊಂಟ’ ಎಂದಿದ್ದ ಜಾಗ, ಮುರಿದಾಗ ಕಾಲು ಹೀಗೇ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮೈನಸ್ 2.8 ಇದ್ದವಳು ಗಟ್ಟಿಯಾಗಿ ಓಡಾಡುತ್ತಿದ್ದಾಳೆ. ಮೈನಸ್ 2.1 ಇದ್ದವಳು ಹಾಸಿಗೆ ಹಿಡಿದಳು. ಹಾಗಾದರೆ ಮಷಿನ್ ಸುಳ್ಳು ಹೇಳಿತಾ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹುಡುಕುತ್ತಾ ಹೋದಾಗ ಉತ್ತರ ಸಿಕ್ಕಿದ್ದು ಮಷಿನ್ ಬಗ್ಗೆ ಬರೆದದ್ದರಲ್ಲಿ ಅಲ್ಲ. ಇಡೀ ಊರಿನ ಜನರನ್ನು ಹತ್ತಿಪ್ಪತ್ತು ವರ್ಷ ಬಿಡದೆ ಹಿಂಬಾಲಿಸಿ, ಯಾರು ಬಿದ್ದರು, ಯಾರಿಗೆ ಎಲ್ಲಿ ಮುರಿಯಿತು ಎಂದು ಬರೆದಿಟ್ಟವರ ಕೆಲಸದಲ್ಲಿ ಸಿಕ್ಕಿತು.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ‘ಎಲುಬು ಸವೆದಾವ’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ತೊಂದರೆಗೆ ಬಳಸುತ್ತೇವೆ. ಮೊಣಕಾಲಿನ ಸಂದಿನಲ್ಲಿ ಮೆತ್ತೆಯಂತಿರುವ ಪದರ ಸವೆದು ನೋವಾಗುವುದು ಒಂದು. ಅದು ಸಂಧಿವಾತದ ಜಾತಿ. ಎಲುಬು ಒಳಗಿನಿಂದ ತೆಳ್ಳಗಾಗಿ ಟೊಳ್ಳಾಗುವುದು ಇನ್ನೊಂದು. ಇದೇ ಆಸ್ಟಿಯೊಪೊರೋಸಿಸ್. ಮೊದಲನೆಯದು ದಿನಾ ನೋಯುತ್ತದೆ. ಎರಡನೆಯದು ಮುರಿಯುವವರೆಗೂ ನೋಯುವುದೇ ಇಲ್ಲ. ಮೊಣಕಾಲು ನೋವಿಗೆ ಗುಳಿಗೆ ನುಂಗುತ್ತಾ ‘ಎಲುಬಿಗೆ ಔಷಧ ನಡದೈತಿ’ ಎಂದುಕೊಂಡವರು ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದಾರೆ.

ಎಲುಬು ಕಲ್ಲಿನಂತೆ ಒಮ್ಮೆ ಆಗಿ ನಿಂತುಬಿಡುವ ವಸ್ತು ಅಲ್ಲ. ಹಳೇ ಮಣ್ಣಿನ ಮನೆಯ ಗೋಡೆ ಇದ್ದಂತೆ. ಸಡಿಲಾದದ್ದನ್ನು ಕೆರೆದು ತೆಗೆಯುತ್ತಲೇ ಇರಬೇಕು, ಹೊಸ ಮಣ್ಣು ಮೆತ್ತುತ್ತಲೇ ಇರಬೇಕು. ದೇಹದಲ್ಲಿ ಈ ಎರಡೂ ಕೆಲಸಕ್ಕೆ ಬೇರೆ ಬೇರೆ ಜೀವಕೋಶಗಳಿವೆ. ಸುಮಾರು ಮೂವತ್ತರವರೆಗೆ ಮೆತ್ತುವುದೇ ಜಾಸ್ತಿ. ಆಮೇಲೆ ಕೆರೆಯುವುದು ನಿಧಾನವಾಗಿ ಮೇಲುಗೈ ಆಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಕೆರೆಯುವ ಕೋಶಗಳಿಗೆ ಕಡಿವಾಣ ತಪ್ಪುತ್ತದೆ. ಮೊದಲ ಐದಾರು ವರ್ಷದಲ್ಲೇ ಎಲುಬು ವೇಗವಾಗಿ ಕರಗುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸುಮಾರು 46–47, ಪಾಶ್ಚಾತ್ಯ ದೇಶಗಳಲ್ಲಿ 51ರ ಹತ್ತಿರ. ಅಂದರೆ ನಮ್ಮ ಹೆಂಗಸರ ಎಲುಬು ಈ ಇಳಿಜಾರಿಗೆ ನಾಲ್ಕೈದು ವರ್ಷ ಮೊದಲೇ ಬಂದು ನಿಲ್ಲುತ್ತದೆ.

ಇನ್ನು ಆ ಮೈನಸ್ ಅಂಕಿ. ಅದರ ಹೆಸರು ಟಿ ಸ್ಕೋರ್. ನಿಮ್ಮ ಎಲುಬಿನ ಸಾಂದ್ರತೆಯನ್ನು 20ರಿಂದ 29 ವರ್ಷದ ಆರೋಗ್ಯವಂತ ಹೆಣ್ಣುಮಕ್ಕಳ ಸರಾಸರಿಯ ಜೊತೆ ಹೋಲಿಸಿ, ನೀವು ಎಷ್ಟು ಮೆಟ್ಟಿಲು ಕೆಳಗಿದ್ದೀರಿ ಅಂತ ಹೇಳುತ್ತದೆ. ಸೊಂಟಕ್ಕೆ ಸಾಮಾನ್ಯವಾಗಿ ಹೋಲಿಸುವುದು ಅಮೆರಿಕದ ಬಿಳಿಯ ಯುವತಿಯರ ಜೊತೆ. ಭಾರತೀಯರ ಎಲುಬಿನ ಅಳತೆ ಅವರಿಗಿಂತ ಕಡಿಮೆ ಇರುತ್ತದೆ, ಅದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ನಮ್ಮವರದ್ದೇ ಬೇರೆ ಅಳತೆಪಟ್ಟಿ ಮಾಡಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗೆರೆ ಎಳೆಯಿತು: ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಮೈನಸ್ 1ಕ್ಕೂ 2.5ಕ್ಕೂ ನಡುವೆ ಇದ್ದರೆ ಆಸ್ಟಿಯೊಪೀನಿಯಾ, ಅಂದರೆ ಎಲುಬು ಕಡಿಮೆ ಇದೆ, ರೋಗದ ಮಟ್ಟಕ್ಕೆ ಹೋಗಿಲ್ಲ. ಆ ಗೆರೆ ಎಳೆದದ್ದು ಯಾಕೆ ಅಂದರೆ, ಒಂದು ದೇಶದಲ್ಲಿ ಎಷ್ಟು ಜನರಿಗೆ ಈ ತೊಂದರೆ ಇದೆ ಎಂದು ಎಣಿಸಲು. ಒಬ್ಬೊಬ್ಬರಿಗೆ ‘ನಿನಗೆ ಮುರಿಯುತ್ತದೆ, ನಿನಗೆ ಇಲ್ಲ’ ಎಂದು ತೀರ್ಪು ಕೊಡಲು ಅಲ್ಲ. ಎಣಿಕೆಗೆ ಮಾಡಿದ ಗೆರೆ ನಿಧಾನವಾಗಿ ತೀರ್ಪಿನ ಗೆರೆಯಾಗಿ ಹೋಯಿತು. ಬಸ್ಸಿನಲ್ಲಿ ನಾನು ಓದಿದ್ದೂ ಹಾಗೇ.

ಅಂಕಿಗೆ ಬೆಲೆ ಇಲ್ಲ ಅಂತ ಅಲ್ಲ. ಸೊಂಟದ ಸಾಂದ್ರತೆ ಒಂದು ಮೆಟ್ಟಿಲು, ಅಂದರೆ ಟಿ ಸ್ಕೋರಿನಲ್ಲಿ ಒಂದು ಅಂಕಿ, ಇಳಿದರೆ ಸೊಂಟ ಮುರಿಯುವ ಅಪಾಯ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಇದು ಗಟ್ಟಿ ಲೆಕ್ಕ. ಆದರೆ ಇದು ಕಥೆಯ ಒಂದು ಎಳೆ ಅಷ್ಟೇ.

ಉಳಿದ ಎಳೆಗಳು ಕಂಡದ್ದು ಹೇಗೆ? ಆಸ್ಟ್ರೇಲಿಯಾದಲ್ಲಿ ಸಿಡ್ನಿಯಿಂದ ಸುಮಾರು 400 ಕಿ.ಮೀ. ಒಳಗೆ ಡಬ್ಬೊ ಅಂತ ಒಂದು ಊರಿದೆ. ನಮ್ಮ ಹಾವೇರಿಯಂತೆ ಸುತ್ತಲಿನ ಹಳ್ಳಿಗಳಿಗೆ ಪೇಟೆಯಾದ ಊರು. 1989ರಲ್ಲಿ ಅಲ್ಲಿ 60 ದಾಟಿದ ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿ ಒಂದು ಅಧ್ಯಯನ ಶುರುವಾಯಿತು. ಅದೇ ಊರು ಯಾಕೆ? ಜನ ಊರು ಬಿಟ್ಟು ಹೋಗುವುದು ಕಡಿಮೆ. ಇನ್ನೊಂದು ಕಾರಣ ಇನ್ನೂ ಮುಖ್ಯ. ದೊಡ್ಡ ಆಸ್ಪತ್ರೆಗಳು ದೂರ ಇದ್ದುದರಿಂದ ಯಾರಿಗೆ ಎಲ್ಲಿ ಎಲುಬು ಮುರಿದರೂ ಎಕ್ಸ್‌ರೇ ತೆಗೆಸಲು ಊರೊಳಗಿನ ಬೆರಳೆಣಿಕೆಯ ಜಾಗಗಳಿಗೇ ಬರಬೇಕು. ಅಲ್ಲಿನ ದಾಖಲೆ ನೋಡಿದರೆ ಸಾಕು, ಊರಿನ ಬಹುತೇಕ ಮುರಿತಗಳು ಲೆಕ್ಕಕ್ಕೆ ಸಿಗುತ್ತವೆ. ಕಣದಲ್ಲಿ ಒಂದು ಕಾಳೂ ಚೆಲ್ಲದಂತೆ ರಾಶಿ ಮಾಡಿದ ಹಾಗೆ.

ಹದಿನಾರು ವರ್ಷದ ರಾಶಿಯಿಂದ 2007ರಲ್ಲಿ ಅವರು ಒಂದು ಫಲಿತಾಂಶ ಹೊರತಂದರು. 2,245 ಹೆಂಗಸರು, 1,760 ಗಂಡಸರು. ಅವರಲ್ಲಿ 905 ಹೆಂಗಸರಿಗೆ, 337 ಗಂಡಸರಿಗೆ ಮೊದಲ ಮುರಿತ ಆಯಿತು. ಒಮ್ಮೆ ಮುರಿದವರಿಗೆ ಎರಡನೇ ಸಲ ಮುರಿಯುವ ಅಪಾಯ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು, ಗಂಡಸರಲ್ಲಿ ಸುಮಾರು ಮೂರೂವರೆ ಪಟ್ಟು. ಬದುಕುಳಿದವರಲ್ಲಿ ನೂರಕ್ಕೆ 40ರಿಂದ 60 ಜನರಿಗೆ ಹತ್ತು ವರ್ಷದೊಳಗೆ ಮತ್ತೊಂದು ಮುರಿತ. ಇನ್ನೊಂದು ರೀತಿ ಹೇಳುವುದಾದರೆ, ಒಮ್ಮೆ ಮುರಿದ ಹೆಂಗಸಿನ ಅಪಾಯ ತನಗಿಂತ ಹತ್ತು ವರ್ಷ ದೊಡ್ಡವಳ ಅಪಾಯಕ್ಕೆ ಸಮ. ಗಂಡಸಿನದು ತನಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ ಸಮ. ಇದು ಹೆಂಗಸರ ರೋಗ ಎಂದು ನಮ್ಮ ಗಂಡಸರು ಸುಮ್ನೆ ಕೂರುತ್ತಾರಲ್ಲ, ಅವರು ಈ ಸಾಲನ್ನು ಎರಡು ಸಲ ಓದಲಿ.

ಇದನ್ನು ಓದಿದ ದಿನ ನನಗೆ ದೊಡ್ಡವ್ವನ ಎಡಗೈ ನೆನಪಾಯಿತು. ಅವಳಿಗೆ 58 ಇದ್ದಾಗ, ಶೇಂಗಾ ರಾಶಿಯ ದಿನಗಳಲ್ಲಿ ಅಂಗಳದಲ್ಲಿ ಎಡವಿ ಕೈ ಊರಿ ಬಿದ್ದಿದ್ದಳು. ಮುಂಗೈ ಮುರಿದಿತ್ತು. ಪಕ್ಕದೂರಿನಲ್ಲಿ ನಾಟಿ ಕಟ್ಟು ಹಾಕಿಸಿಕೊಂಡಳು. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ, ಎಕ್ಸ್‌ರೇ ಇಲ್ಲ, ಚೀಟಿ ಇಲ್ಲ. ಆ ಮುಂಗೈ ಇವತ್ತಿಗೂ ಸ್ವಲ್ಪ ಸೊಟ್ಟ. ರೊಟ್ಟಿ ಬಡಿಯುವಾಗ ಅವಳು ಬಲಗೈಗೇ ಭಾರ ಕೊಡುವುದನ್ನು ನಾವು ವರ್ಷಗಟ್ಟಲೆ ನೋಡಿದ್ದೇವೆ. ಸ್ಕ್ಯಾನ್ ಮಾಡಿಸಿದ ದಿನ ಆ ಕೈ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಸಿಗೆಯಲ್ಲಿದ್ದಾಗ ಕೇಳಿದೆ. ‘ಅದೇನ ದೊಡ್ಡ ಮಾತ ಬಿಡ ತಂಗಿ. ಕೈ ಮುರೀತು, ಕಟ್ಟ ಹಾಕಿಸಿದ್ವಿ, ಕೂಡ್ತು’ ಅಂದಳು.

ಕೂಡಿತು ನಿಜ. ಆದರೆ ನಿಂತ ಎತ್ತರದಿಂದ ಬಿದ್ದು ಎಲುಬು ಮುರಿದರೆ ಅದು ಬರೀ ಅಪಘಾತ ಅಲ್ಲ. ಗಟ್ಟಿ ಎಲುಬು ಅಷ್ಟಕ್ಕೆ ಮುರಿಯಬಾರದು. ಐವತ್ತು ದಾಟಿದ ಮೇಲೆ ಮುಂಗೈ ಮುರಿದರೆ ಅದು ಎಷ್ಟೋ ವರ್ಷ ಮೊದಲೇ ಬಂದ ಸೊಂಟದ ಸುದ್ದಿ ಆಗಿರಬಹುದು.

ಬೆನ್ನೆಲುಬಿನದು ಇನ್ನೂ ಮೋಸ. ಬೆನ್ನಿನ ಮಣಿ ಕುಸಿದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮುರಿದದ್ದೇ ಗೊತ್ತಾಗುವುದಿಲ್ಲ. ನಾಲ್ಕು ದಿನ ಟೊಂಕ ನೋವು, ಎಣ್ಣೆ ತಿಕ್ಕಿಸಿಕೊಂಡು ಮುಗಿಯಿತು. ಎತ್ತರ ಮಾತ್ರ ಕಡಿಮೆಯಾಗುತ್ತಾ ಬರುತ್ತದೆ. ಉಟ್ಟ ಸೀರೆ ನೆಲ ಗುಡಿಸಲು ಶುರುವಾಗುತ್ತದೆ, ಮೊದಲು ಕೈಗೆ ಸಿಗುತ್ತಿದ್ದ ನೆಲುವಿನ ಗಡಿಗೆ ಸಿಗುವುದಿಲ್ಲ. ‘ಅಜ್ಜಿ ಗಿಡ್ಡ ಆದಳು’ ಎಂದು ಮೊಮ್ಮಕ್ಕಳು ನಗುತ್ತಾರೆ. ಅದು ಮುರಿತದ ಗುರುತು ಅಂತ ಯಾರಿಗೂ ಹೊಳೆಯುವುದಿಲ್ಲ.

ಈಗ ಮೈನಸ್ 2.1ರ ಪ್ರಶ್ನೆಗೆ ಬರೋಣ. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ನಗರದಲ್ಲಿ ಓಮ್ಮೋರ್ಡ್ ಅಂತ ಒಂದು ಬಡಾವಣೆ. 1990ರಿಂದ ಅಲ್ಲಿನ 55 ದಾಟಿದ 7,983 ಜನರನ್ನು ಹಿಂಬಾಲಿಸಿದರು. ಬೆನ್ನು ಬಿಟ್ಟು ಬೇರೆ ಕಡೆ ಆದ ಮುರಿತಗಳನ್ನು ಟಿ ಸ್ಕೋರ್ ಜೊತೆ ಇಟ್ಟು ನೋಡಿ 2004ರಲ್ಲಿ ಪ್ರಕಟಿಸಿದರು. ಹೆಂಗಸರಿಗೆ ಆದ ಮುರಿತಗಳಲ್ಲಿ ಮೈನಸ್ 2.5ರ ಗೆರೆಯ ಕೆಳಗಿದ್ದವರದು ನೂರಕ್ಕೆ 44 ಮಾತ್ರ. ಗಂಡಸರಲ್ಲಿ 21. ಉಳಿದ ಎಲ್ಲ ಮುರಿತಗಳೂ ‘ಹೆದರುವಂಥದ್ದೇನಿಲ್ಲ’ ಎನಿಸಿಕೊಂಡವರಿಗೇ ಆದದ್ದು.

ಇದು ಹೇಗೆ ಸಾಧ್ಯ? ತಿಳಿಯಲಿಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಊರಿನಲ್ಲಿ 1,000 ಹಿರಿಯ ಹೆಂಗಸರು. 200 ಜನ ಗೆರೆಯ ಕೆಳಗೆ, ಅವರಲ್ಲಿ ನೂರಕ್ಕೆ 20 ಜನರಿಗೆ ಮುರಿಯುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ 40 ಮುರಿತ. ಗೆರೆಯ ಮೇಲೆ 800 ಜನ, ಅವರಿಗೆ ಅಪಾಯ ಕಡಿಮೆ, ನೂರಕ್ಕೆ 8. ಅಂದರೆ 64 ಮುರಿತ. ಒಬ್ಬೊಬ್ಬರನ್ನೇ ನೋಡಿದರೆ ಕೆಳಗಿದ್ದವಳಿಗೇ ಅಪಾಯ ಜಾಸ್ತಿ. ಊರನ್ನು ನೋಡಿದರೆ ಮೇಲಿದ್ದವರ ಮನೆಗಳಲ್ಲೇ ಜಾಸ್ತಿ ಎಲುಬು ಮುರಿದಿವೆ. ಎರಡೂ ನಿಜ. ಕಡಿಮೆ ಅಪಾಯ ಇರುವವರು ಸಂಖ್ಯೆಯಲ್ಲಿ ಜಾಸ್ತಿ ಇದ್ದಾರೆ, ಅಷ್ಟೇ. ಲಂಡನ್ನಿನ ಜೆಫ್ರಿ ರೋಸ್ ಎಂಬ ವೈದ್ಯರು 1981ರಲ್ಲೇ ಹೃದಯರೋಗದ ವಿಷಯದಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಚಿಗವ್ವನಿಗೆ ಗುಳಿಗೆ ಕೊಟ್ಟದ್ದು ಸರಿಯೇ. ದೊಡ್ಡವ್ವನನ್ನು ಮನೆಗೆ ಕಳಿಸಿದ್ದರಲ್ಲಿ ಮಾತ್ರ ಏನೋ ಬಿಟ್ಟು ಹೋಯಿತು.

ಏನು ಬಿಟ್ಟು ಹೋಯಿತು ಅನ್ನುವುದಕ್ಕೆ ಅಮೆರಿಕದ ಒಂದು ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. 65 ದಾಟಿದ 9,516 ಬಿಳಿಯ ಹೆಂಗಸರು, ಮೊದಲು ಸೊಂಟ ಮುರಿಯದವರು. ಸರಾಸರಿ ನಾಲ್ಕು ವರ್ಷ ನೋಡಿದಾಗ 192 ಜನರಿಗೆ ಸೊಂಟ ಮುರಿಯಿತು. ಆ 192 ಜನ ಉಳಿದವರಿಗಿಂತ ಹೇಗೆ ಬೇರೆ ಎಂದು ಹುಡುಕಿದರು. ತಾಯಿಗೆ ಸೊಂಟ ಮುರಿದಿದ್ದರೆ ಮಗಳಿಗೆ ಅಪಾಯ ಸುಮಾರು ಎರಡು ಪಟ್ಟು. ಕೈ ಊರದೆ ಕುರ್ಚಿಯಿಂದ ಏಳಲಾಗದವರಿಗೂ ಎರಡು ಪಟ್ಟು. ಕಣ್ಣು ಮಂಜಾದವರು, ದಿನಕ್ಕೆ ನಾಲ್ಕು ತಾಸಿಗಿಂತ ಜಾಸ್ತಿ ಕಾಲ ಮೇಲೆ ನಿಲ್ಲದವರು, ಕೆಲವು ಬಗೆಯ ನಿದ್ದೆ ಗುಳಿಗೆ ತಗೊಳ್ಳುವವರು, ಇಪ್ಪತ್ತೈದರ ವಯಸ್ಸಿಗಿಂತ ಈಗ ತೂಕ ಕಡಿಮೆ ಇರುವವರು, ಎಲ್ಲರಿಗೂ ಅಪಾಯ ಏರಿತ್ತು. ಇದರಲ್ಲಿ ಅರ್ಧದಷ್ಟು ಎಲುಬಿನ ಮಾತೇ ಅಲ್ಲ. ಬೀಳುವ ಮಾತು.

ಇಂಥ ಅಧ್ಯಯನಗಳಲ್ಲಿ ‘ಜನ-ವರ್ಷ’ ಎಂಬ ಅಳತೆ ಬರುತ್ತದೆ. ಕೂಲಿ ಲೆಕ್ಕದಂತೆಯೇ. ಹತ್ತು ಆಳು ಮೂರು ದಿನ ಕೆಲಸ ಮಾಡಿದರೆ ಮೂವತ್ತು ಆಳು ಅನ್ನುತ್ತೇವಲ್ಲ, ಹಾಗೆ ಸಾವಿರ ಹೆಂಗಸರನ್ನು ಒಂದು ವರ್ಷ ನೋಡಿದರೂ, 250 ಹೆಂಗಸರನ್ನು ನಾಲ್ಕು ವರ್ಷ ನೋಡಿದರೂ ಸಾವಿರ ಜನ-ವರ್ಷ. ನಡುವೆ ಯಾರಾದರೂ ತೀರಿಕೊಂಡರೆ, ಊರು ಬಿಟ್ಟರೆ, ಅವರು ಇದ್ದಷ್ಟು ದಿನ ಮಾತ್ರ ಲೆಕ್ಕಕ್ಕೆ. ಅಮೆರಿಕದ ಆ ಅಧ್ಯಯನದಲ್ಲಿ ಇಂಥ ಅಂಶಗಳು ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದು, ಎಲುಬೂ ವಯಸ್ಸಿಗೆ ತಕ್ಕಂತೆ ಇದ್ದವರಲ್ಲಿ ಸಾವಿರ ಜನ-ವರ್ಷಕ್ಕೆ ಸೊಂಟದ ಮುರಿತ 1.1. ಐದು ಅಥವಾ ಅದಕ್ಕಿಂತ ಜಾಸ್ತಿ ಅಂಶಗಳಿದ್ದು, ಎಲುಬೂ ತೆಳ್ಳಗಿದ್ದವರಲ್ಲಿ 27. ಒಂದೇ ವಯೋಮಾನದ ಹೆಂಗಸರ ನಡುವೆ ಇಪ್ಪತ್ತು ಪಟ್ಟಿಗೂ ಮೀರಿದ ಅಂತರ!

‘ಎರಡು ಪಟ್ಟು’ ಎಂಬ ಮಾತು ಕೇಳಿದಾಗ ಒಂದು ಎಚ್ಚರ ಬೇಕು. ಯಾವುದರ ಎರಡು ಪಟ್ಟು ಅಂತ ಕೇಳಬೇಕು. ನಲವತ್ತರವಳ ಅಪಾಯ ಸಾವಿರಕ್ಕೆ ಅರ್ಧ ಇದ್ದರೆ ಎರಡು ಪಟ್ಟಾದರೂ ಸಾವಿರಕ್ಕೆ ಒಂದೇ. ಎಂಬತ್ತರವಳದು ಸಾವಿರಕ್ಕೆ ಇಪ್ಪತ್ತಿದ್ದರೆ ನಲವತ್ತಾಗುತ್ತದೆ. ಜಾಹೀರಾತುಗಳು ‘ಪಟ್ಟು’ ಹೇಳಿ ಹೆದರಿಸುತ್ತವೆ, ‘ಸಾವಿರಕ್ಕೆ ಎಷ್ಟು’ ಅಂತ ಹೇಳುವುದೇ ಇಲ್ಲ.

ದೊಡ್ಡವ್ವನಿಗೆ ಈ ಪಟ್ಟಿ ಹಚ್ಚಿ ನೋಡಿ. ನಮ್ಮ ಅಜ್ಜಿಯೂ ಬಿದ್ದು ಸೊಂಟ ಮುರಿದುಕೊಂಡೇ ಹಾಸಿಗೆ ಹಿಡಿದವಳು. ದೊಡ್ಡವ್ವನ ಬಲಗಣ್ಣಿನಲ್ಲಿ ಪೊರೆ ಇತ್ತು, ‘ಸುಗ್ಗಿ ಮುಗೀಲಿ’ ಎಂದು ಆಪರೇಷನ್ ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಮುಂಗೈ ಆಗಲೇ ಮುರಿದಿತ್ತು. ಇದ್ಯಾವುದೂ ಚೀಟಿಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ಇದೆ, ಅದು ನಮ್ಮ ಗದಗ ಜಿಲ್ಲೆಯದ್ದೇ. ಚಿಗವ್ವನನ್ನು ಹುಬ್ಬಳ್ಳಿಗೆ ಕೊಟ್ಟಿತ್ತು, ದೊಡ್ಡವ್ವನನ್ನು ಮುಂಡರಗಿ ಕಡೆಯ ಹಳ್ಳಿಗೆ. ಅಲ್ಲಿ ಮೂವತ್ತು ವರ್ಷ ಬೋರಿನ ನೀರು ಕುಡಿದಳು. ಮುಂಡರಗಿ ತಾಲ್ಲೂಕಿನ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹೊಸ ಸುದ್ದಿ ಅಲ್ಲ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಸಾಕು. ಈಗ ತುಂಗಭದ್ರೆಯ ನೀರು ಹಲವು ಊರುಗಳಿಗೆ ಬರುತ್ತಿದೆ, ಆದರೆ ಈಗಿನ ಅಜ್ಜಿಯರ ಎಲುಬು ಕಟ್ಟಿದ್ದು ಆ ಹಳೇ ನೀರಿನಲ್ಲಿ.

ಫ್ಲೋರೈಡ್ ಎಲುಬಿನೊಳಗೆ ಸೇರಿಕೊಳ್ಳುತ್ತದೆ. ಅದು ಸೇರಿದ ಎಲುಬು ಸ್ಕ್ಯಾನಿನಲ್ಲಿ ದಪ್ಪಗೆ ಕಾಣುತ್ತದೆ. ಹಾಗಾಗಿ ಒಂದು ಕಾಲದಲ್ಲಿ ಫ್ಲೋರೈಡನ್ನೇ ಆಸ್ಟಿಯೊಪೊರೋಸಿಸ್‌ಗೆ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೋ ಕ್ಲಿನಿಕ್‌ನವರು 202 ಹೆಂಗಸರ ಮೇಲೆ ನಾಲ್ಕು ವರ್ಷ ಪರೀಕ್ಷೆ ಮಾಡಿ 1990ರಲ್ಲಿ ಫಲಿತಾಂಶ ಕೊಟ್ಟರು. ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ತಗೊಂಡವರ ಬೆನ್ನೆಲುಬಿನ ಕೆಳಭಾಗದ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಅಂಕಿ ನೋಡಿದರೆ ಪವಾಡ. ಆದರೆ ಬೆನ್ನಿನ ಮುರಿತ ಕಡಿಮೆಯಾಗಲಿಲ್ಲ. ಬೆನ್ನು ಬಿಟ್ಟು ಬೇರೆ ಕಡೆಯ ಮುರಿತ ಔಷಧ ತಗೊಂಡ ಗುಂಪಿನಲ್ಲಿ 72, ತಗೊಳ್ಳದ ಗುಂಪಿನಲ್ಲಿ 24. ಸಾಂದ್ರತೆ ಏರಿತು, ಮುರಿತವೂ ಏರಿತು. ದಪ್ಪ ಇದ್ದದ್ದೆಲ್ಲ ಗಟ್ಟಿ ಅಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಬೆಂದ ಮಡಕೆಗೂ ಅರೆಬೆಂದ ಮಡಕೆಗೂ ದಪ್ಪ ಒಂದೇ ಇರುತ್ತದೆ, ಬಡಿದು ನೋಡಿದಾಗಲೇ ಗೊತ್ತು.

ನೀರಿನ ಲೆಕ್ಕವನ್ನೂ ಜನರ ನಡುವೆಯೇ ಮಾಡಿದ್ದಾರೆ. ಚೀನಾದ ಆರು ಹಳ್ಳಿಗಾಡಿನ ಪ್ರದೇಶಗಳಲ್ಲಿ 50 ದಾಟಿದ 8,266 ಜನರನ್ನು ನೋಡಿದ ಅಧ್ಯಯನ 2001ರಲ್ಲಿ ಬಂತು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದ ಕಡೆ ಮುರಿತ ಎಲ್ಲಕ್ಕಿಂತ ಕಡಿಮೆ. ತೀರಾ ಕಡಿಮೆ ಫ್ಲೋರೈಡ್ ಇದ್ದ ಕಡೆಯೂ ಮುರಿತ ಜಾಸ್ತಿ, 4.3 ಮಿಲಿಗ್ರಾಂ ದಾಟಿದ ಕಡೆಯೂ ಜಾಸ್ತಿ. ನಮ್ಮ ದೇಶದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಫ್ಲೋರೈಡ್ ಎಲುಬನ್ನು ಕೆಡಿಸುವುದನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಂದರೆ ಇದು ಹಳೇ ಗಾಯ.

ದೊಡ್ಡವ್ವನ ಬೆನ್ನಿನ ಮುಂದೆ ಮೈನಸ್ 0.6 ಎಂದಿದ್ದದ್ದು ನೆನಪಿದೆಯಲ್ವಾ? ಸೊಂಟ ಅಷ್ಟು ಕೆಳಗಿದ್ದು ಬೆನ್ನು ಮಾತ್ರ ಚೆನ್ನಾಗಿ ಕಂಡರೆ ಅನುಮಾನ ಪಡಬೇಕು. ವಯಸ್ಸಾದಂತೆ ಮಣಿಗಳ ಅಂಚಿಗೆ ಮುಳ್ಳಿನ ಹಾಗೆ ಎಲುಬು ಬೆಳೆದಾಗಲೂ ಸ್ಕ್ಯಾನು ಹೀಗೆ ಮೋಸ ಹೋಗುತ್ತದೆ, ಫ್ಲೋರೈಡಿನಿಂದಲೂ ಆಗಬಹುದು. ಎರಡರಲ್ಲಿ ಯಾವುದೇ ಆಗಿರಲಿ, ಆ ‘ಚೆನ್ನಾಗಿದೆ’ ಎಂಬ ಅಂಕಿಯನ್ನು ನಂಬಬಾರದಾಗಿತ್ತು. ಮುಂಡರಗಿ ಕಡೆಯವರು ಸ್ಕ್ಯಾನಿಗೆ ಹೋದರೆ ‘ನಾನು ಯಾವ ನೀರು ಕುಡಿದವಳು’ ಅಂತ ಹೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಎಳೆಗಳನ್ನು ಒಟ್ಟು ಸೇರಿಸಲು 2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಫ್ರಾಕ್ಸ್ ಎಂಬ ಲೆಕ್ಕದ ಸಾಧನ ಮಾಡಿದರು. ಹಲವು ದೇಶಗಳ ಇಂಥ ಊರಿನ ಅಧ್ಯಯನಗಳನ್ನು ಕೂಡಿಸಿ ಮಾಡಿದ್ದು. ವಯಸ್ಸು, ಹೆಣ್ಣೋ ಗಂಡೋ, ಎತ್ತರ, ತೂಕ, ಮೊದಲು ಮುರಿದಿದೆಯಾ, ತಂದೆತಾಯಿಗೆ ಸೊಂಟ ಮುರಿದಿತ್ತಾ, ಬೀಡಿ ಸಿಗರೇಟು, ಕುಡಿತ, ಸ್ಟೀರಾಯ್ಡ್ ಗುಳಿಗೆ, ಆಮವಾತ, ಎಲುಬು ತೆಳ್ಳಗೆ ಮಾಡುವ ಬೇರೆ ರೋಗ, ಇಷ್ಟು ಕೇಳುತ್ತದೆ. ಸ್ಕ್ಯಾನಿನ ಅಂಕಿ ಇದ್ದರೆ ಹಾಕಬಹುದು, ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳುತ್ತದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಭಾರತಕ್ಕೆ ಬೇರೆ ವಿಭಾಗವೂ ಇದೆ. ಸ್ಟೀರಾಯ್ಡ್ ಸಾಲನ್ನು ನಮ್ಮವರು ಹಗುರ ಮಾಡಬಾರದು. ಸಂದು ನೋವಿಗೆ, ದಮ್ಮಿಗೆ ಎಂದು ಹೆಸರು ಗೊತ್ತಿಲ್ಲದ ಗುಳಿಗೆಯನ್ನು ತಿಂಗಳುಗಟ್ಟಲೆ ತಿಂದವರು ಎಷ್ಟೋ ಜನ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ದಿನಕ್ಕೆ 5 ಮಿಲಿಗ್ರಾಂ ಮೂರು ತಿಂಗಳು ತಗೊಂಡಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ.

ಫ್ರಾಕ್ಸ್‌ನ ಮೂಲ ಪಟ್ಟಿಯಲ್ಲಿ ‘ಕಳೆದ ವರ್ಷ ಎಷ್ಟು ಸಲ ಬಿದ್ದಿರಿ’ ಎಂಬ ಪ್ರಶ್ನೆ ಇಲ್ಲ. ಡಬ್ಬೊ ಅಧ್ಯಯನದಿಂದ ಹುಟ್ಟಿದ ಗಾರ್ವನ್ ಎಂಬ ಲೆಕ್ಕದಲ್ಲಿ ಇದೆ. ಭಾರತದ ಫ್ರಾಕ್ಸ್ ಕಟ್ಟಲು ನಮ್ಮ ದೇಶದ ಮುರಿತದ ಅಂಕಿಅಂಶ ಸಾಲದೆ ಸಿಂಗಾಪುರದಲ್ಲಿರುವ ಭಾರತೀಯರ ಅಂಕಿ ಬಳಸಿದ್ದಾರೆ. ಇದು ನನಗೆ ಬಹಳ ಬೇಸರ ತಂದ ಸಂಗತಿ. ಸಿಂಗಾಪುರದ ಫ್ಲಾಟಿನಲ್ಲಿ ಬೆಳೆದವರ ಎಲುಬೂ ಎರೆ ಹೊಲದಲ್ಲಿ ಕಳೆ ತೆಗೆದವಳ ಎಲುಬೂ ಒಂದೇ ಆಗಿರಬೇಕಾಗಿಲ್ಲ.

ನಮ್ಮ ದೇಶದಲ್ಲಿ ಎಣಿಸಿದವರು ಇಲ್ಲವೇ ಇಲ್ಲ ಅಂತ ಅಲ್ಲ. ಹರಿಯಾಣದ ರೋಹ್ತಕ್ ಜಿಲ್ಲೆಯಲ್ಲಿ 2009ರಲ್ಲಿ 50 ದಾಟಿದವರ ಸೊಂಟದ ಮುರಿತ ಎಣಿಸಿದರು. ಒಂದು ಲಕ್ಷ ಜನರಿಗೆ ವರ್ಷಕ್ಕೆ 129. ಹೆಂಗಸರಲ್ಲಿ 159, ಗಂಡಸರಲ್ಲಿ 105. ಒಂದು ಜಿಲ್ಲೆಯಲ್ಲಿ 50 ದಾಟಿದವರು ಎರಡು ಲಕ್ಷ ಇದ್ದಾರೆ ಅಂತ ಇಟ್ಟುಕೊಂಡರೆ, ಅದೇ ದರದಲ್ಲಿ ವರ್ಷಕ್ಕೆ 250ಕ್ಕೂ ಜಾಸ್ತಿ ಸೊಂಟಗಳು. ಹೆಚ್ಚುಕಡಿಮೆ ಒಂದೂವರೆ ದಿನಕ್ಕೆ ಒಂದು.

ಗದಗದಲ್ಲಿ ಡಬ್ಬೊ ತರಹ ಎಣಿಸುವುದು ಯಾಕೆ ಕಷ್ಟ ಅಂತ ನಮ್ಮ ಮನೆಯನ್ನೇ ನೋಡಿದರೆ ಗೊತ್ತಾಗುತ್ತದೆ. ದೊಡ್ಡವ್ವನ ಮುಂಗೈ ನಾಟಿ ಕಟ್ಟಿನವರ ಅಂಗಳದಲ್ಲಿ ಮುಗಿಯಿತು. ಸೊಂಟಕ್ಕೆ ನಾವು ಹುಬ್ಬಳ್ಳಿಗೆ ಓಡಿದೆವು. ಕೆಲವರು ಬೆಳಗಾವಿಗೆ, ಮಿರಜ್‌ಗೆ ಹೋಗುತ್ತಾರೆ. ಕೆಲವರು ಎಲ್ಲಿಗೂ ಹೋಗುವುದಿಲ್ಲ, ಕತ್ತಲ ಕೋಣೆಯ ಹೊರಸಿನ ಮೇಲೆ ದಿನ ಎಣಿಸುತ್ತಾರೆ. ‘ವಯಸ್ಸಾಗಿತ್ತು, ಬಿದ್ದಳು, ಹೋದಳು’ ಎಂದು ಮಂದಿ ಮಾತಾಡಿಕೊಳ್ಳುತ್ತಾರೆ. ಅದು ಯಾವ ರಜಿಸ್ಟರಿನಲ್ಲೂ ಮುರಿತ ಅಂತ ದಾಖಲಾಗುವುದಿಲ್ಲ. ಎಣಿಕೆಗೆ ಸಿಗದ ನೋವಿಗೆ ಯೋಜನೆಯೂ ಇಲ್ಲ, ದುಡ್ಡೂ ಇಲ್ಲ.

ಊಟದ ವಿಷಯ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಶಿಫಾರಸು. ನಮ್ಮ ಜೋಳದಲ್ಲಿ 100 ಗ್ರಾಂಗೆ 28 ಮಿಲಿಗ್ರಾಂ ಹತ್ತಿರ, ರಾಗಿಯಲ್ಲಿ 360ರ ಸುಮಾರು. ಮೂರು ಹೊತ್ತು ರೊಟ್ಟಿ ತಿಂದರೂ ಎಲುಬಿಗೆ ಸಿಗುವುದು ಅಲ್ಪ. ಜೋಳ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಮ್ಮ ಜೀವ. ಜೊತೆಗೆ ಗಟ್ಟಿ ಮೊಸರು, ಎಳ್ಳು, ಗುರೆಳ್ಳು ಚಟ್ನಿ, ನುಗ್ಗೆಸೊಪ್ಪು ಇರಲೇಬೇಕು. ತಿರುಪತಿಯ ಸುತ್ತಮುತ್ತ ನಡೆದ ಅಧ್ಯಯನಗಳಲ್ಲಿ ಹಳ್ಳಿಯವರ ವಿಟಮಿನ್ ಡಿ ಪಟ್ಟಣದವರಿಗಿಂತ ಚೆನ್ನಾಗಿತ್ತು, ಆದರೆ ಕ್ಯಾಲ್ಸಿಯಂ ಇಬ್ಬರ ತಟ್ಟೆಯಲ್ಲೂ ಕಡಿಮೆ.

ವಿಟಮಿನ್ ಡಿ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಒಂದೇ ಸಲ ಲಕ್ಷಗಟ್ಟಲೆ ಯೂನಿಟ್ ಕೊಟ್ಟುಬಿಡುವ ಪದ್ಧತಿ ನಮ್ಮಲ್ಲಿ ಇದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶ: ಡಿ ತಗೊಂಡವರು ನೂರಕ್ಕೆ 15ರಷ್ಟು ಜಾಸ್ತಿ ಬಿದ್ದರು, ನೂರಕ್ಕೆ 26ರಷ್ಟು ಜಾಸ್ತಿ ಮುರಿದುಕೊಂಡರು. ಕೊರತೆ ಇದ್ದರೆ ತುಂಬಿಸಿಕೊಳ್ಳಬೇಕು, ಆದರೆ ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು.

ಅಪಾಯ ಜಾಸ್ತಿ ಇದ್ದವರಿಗೆ ಒಳ್ಳೆಯ ಔಷಧಗಳಿವೆ. ವರ್ಷಕ್ಕೊಮ್ಮೆ ಕೊಡುವ ಝೊಲೆಡ್ರೊನಿಕ್ ಆಸಿಡ್ ಡ್ರಿಪ್ ಮೂರು ವರ್ಷದಲ್ಲಿ ಬೆನ್ನಿನ ಮುರಿತವನ್ನು ನೂರಕ್ಕೆ 70, ಸೊಂಟದ್ದನ್ನು 41ರಷ್ಟು ಇಳಿಸಿದ್ದು 2007ರ ದೊಡ್ಡ ಪರೀಕ್ಷೆಯಲ್ಲಿ ಕಂಡಿದೆ. ಬೀಳುವುದನ್ನು ಕಡಿಮೆ ಮಾಡಲು ಕಾಲಿಗೆ ಬಲ ಕೊಡುವ, ತೋಲ ಕಾಯುವ ವ್ಯಾಯಾಮ ಕೆಲಸ ಮಾಡುತ್ತದೆ. ಬೀಳುವ ಸಂಖ್ಯೆಯೇ ನೂರಕ್ಕೆ 23ರಷ್ಟು ಇಳಿಯುತ್ತದೆ ಎಂದು ಹತ್ತಾರು ಪರೀಕ್ಷೆಗಳನ್ನು ಕೂಡಿಸಿ ನೋಡಿದವರು 2019ರಲ್ಲಿ ಹೇಳಿದ್ದಾರೆ.

ದೊಡ್ಡವ್ವನಿಗೆ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಪಡಸಾಲೆಯಿಂದ ಕಟ್ಟೆಯವರೆಗೆ ನಡೆಯುತ್ತಾಳೆ. ಬಚ್ಚಲಲ್ಲಿ ಒರಟು ಟೈಲ್ಸ್ ಹಾಕಿಸಿ, ಗೋಡೆಗೆ ಸ್ಟೀಲಿನ ಹಿಡಿಕೆ ಹೊಡೆಸಿದ್ದೇವೆ. ಕಣ್ಣಿನ ಪೊರೆ ತೆಗೆಸಿದ್ದೇವೆ. ಹೋದ ತಿಂಗಳು ಫಾಲೋಅಪ್‌ಗೆ ಹೋಗುವ ಹಿಂದಿನ ದಿನ ಅವಳ ಫೈಲಿನೊಳಗೆ ಒಂದು ಬಿಳಿ ಹಾಳೆ ಸೇರಿಸಿದೆ. ‘58ನೇ ವಯಸ್ಸು, ಎಡ ಮುಂಗೈ, ಅಂಗಳದಲ್ಲಿ ಬಿದ್ದು, ನಾಟಿ ಕಟ್ಟು. ತಾಯಿಗೆ ಸೊಂಟ ಮುರಿದಿತ್ತು. ಮುಂಡರಗಿ ಕಡೆಯ ಬೋರ್ ನೀರು, 30 ವರ್ಷ. ಎತ್ತರ ಮೂರು ಇಂಚು ಕಡಿಮೆಯಾಗಿದೆ.’ ಬೇರೆ ಡಾಕ್ಟರು ಇದ್ದರು. ಆ ಹಾಳೆಯನ್ನು ಮೊದಲು ಓದಿದರು, ಆಮೇಲೆ ಸ್ಕ್ಯಾನ್ ಚೀಟಿ ತೆಗೆದರು. ‘ಬೆನ್ನಿನ ಎಕ್ಸ್‌ರೇ ತೆಗೆಸೋಣ’ ಎಂದು ಬರೆದು, ಚಿಗವ್ವನ ಕಡೆ ತಿರುಗಿ, ‘ನೀವು ಹೋದ ವರ್ಷ ಎಷ್ಟು ಸಲ ಬಿದ್ರಿ ಅವ್ವಾರ?’ ಎಂದು ಕೇಳಿದರು.

ಚಿಗವ್ವ ಬೆರಳು ಮಡಚಿ ಎಣಿಸತೊಡಗಿದಳು. ಮೂರಕ್ಕೆ ನಿಂತಳು. ಅದರಲ್ಲಿ ಒಂದನ್ನೂ ಅವಳು ನಮಗೆ ಹೇಳಿರಲಿಲ್ಲ.